ತೋಟದ ಲೆಕ್ಕಕ್ಕೆ ಉಬುಂಟುವಿನಲ್ಲಿ ಬೇರೆ ಪೋಸ್ಟ್‌ಗ್ರೆಸ್ (ಡೇಟಾಬೇಸ್ ಸರ್ವರ್) ಇನ್‌ಸ್ಟೆನ್ಸ್ ಬೇಕು, ಅದನ್ನು ಹುಟ್ಟಿಸುವ ಇನಿಟ್‌ಡಿಬಿ ಓಡುತ್ತಿಲ್ಲ. ಏನು ಮಾಡಲಿ?

ನೀವು ಇನಿಟ್‌ಡಿಬಿ ಅಂತ ಹೊಡೆದರೆ ‘ಕಮಾಂಡ್ ನಾಟ್ ಫೌಂಡ್’ ಬರುತ್ತದೆ, ಪೂರ್ತಿ ಪಾತ್ ಕೊಟ್ಟು ಸುಡೊ ಹಾಕಿದರೆ ರೂಟ್ ಆಗಿ ಓಡಿಸುವಂತಿಲ್ಲ ಅನ್ನುತ್ತದೆ, ಅಲ್ವಾ? ನಾನೂ ಗೋಣಿಕೊಪ್ಪದ ಹತ್ತಿರ ಒಂದು ತೋಟದ ಲೆಕ್ಕ ನೋಡಿಕೊಳ್ಳುವವನು. ಮೊದಲ ಸಲ ನನಗೂ ಇದೇ ಪಾಡಾಗಿತ್ತು.

ಉಬುಂಟು ಆ ಪ್ರೋಗ್ರಾಮನ್ನು /ಯುಎಸ್ಆರ್/ಲಿಬ್/ಪೋಸ್ಟ್‌ಗ್ರೆಸ್ಕ್ಯೂಎಲ್/16/ಬಿನ್ ಒಳಗೆ ಇಟ್ಟಿರುತ್ತದೆ. ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ (ಪಾತ್) ಅದಿಲ್ಲ, ಹಾಗಾಗಿ ಸಿಗುವುದಿಲ್ಲ. ರೂಟ್ ಬೇಡ ಅನ್ನುವುದು ಸೇಫ್ಟಿಗೆ. ಡೇಟಾಬೇಸ್‌ಗೆ ಇಡೀ ಮೆಷಿನ್ನಿನ ಯಜಮಾನಿಕೆ ಯಾಕೆ?

ಸುಮ್ನೆ ಅದರ ಜೊತೆ ಗುದ್ದಾಡಬೇಡಿ. ಉಬುಂಟುವಿನಲ್ಲಿ ಇದಕ್ಕೆಂದೇ ಬೇರೆ ಕಮಾಂಡ್ ಇದೆ (ಟೈಪ್ ಮಾಡುವಾಗ ಎಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ):

ಸುಡೊ ಪಿಜಿ_ಕ್ರಿಯೇಟ್‌ಕ್ಲಸ್ಟರ್ 16 ತೋಟ --ಸ್ಟಾರ್ಟ್ -- --ಡೇಟಾ-ಚೆಕ್‌ಸಮ್ಸ್

16 ಅಂದರೆ ಪೋಸ್ಟ್‌ಗ್ರೆಸ್ ವರ್ಷನ್, ಉಬುಂಟು 24.04ರಲ್ಲಿ ಬರುವುದು ಅದೇ. ‘ತೋಟ’ ನೀವಿಡುವ ಹೆಸರು. ನಡುವೆ ಒಂಟಿಯಾಗಿರುವ ಎರಡು ಗೆರೆ (--) ಬಿಡಬೇಡಿ. ಅದರ ಮುಂದಿನದ್ದೆಲ್ಲ ನೇರ ಇನಿಟ್‌ಡಿಬಿಗೆ ಹೋಗುತ್ತದೆ. ಚೆಕ್‌ಸಮ್ ಇದ್ದರೆ ಡಿಸ್ಕಿನಲ್ಲಿ ಪೇಜ್ ಕೆಟ್ಟಾಗ ಓದುವ ಹೊತ್ತಿಗೇ ಗೊತ್ತಾಗುತ್ತದೆ.

ಆಮೇಲೆ ಇರುವ ಇನ್‌ಸ್ಟೆನ್ಸ್‌ಗಳ ಪಟ್ಟಿ ತೋರಿಸುವ ಪಿಜಿ_ಎಲ್ಎಸ್‌ಕ್ಲಸ್ಟರ್ಸ್ ಹೊಡೆಯಿರಿ. ಇನ್‌ಸ್ಟಾಲ್ ಮಾಡಿದಾಗ ತಾನಾಗೇ ಹುಟ್ಟಿದ ‘ಮೇನ್’ ಪೋರ್ಟ್ 5432ರಲ್ಲಿ, ನಿಮ್ಮದು ಸಾಮಾನ್ಯವಾಗಿ 5433ರಲ್ಲಿ ಕಾಣುತ್ತದೆ. ಒಳಗೆ ಹೋಗಲು: ಸುಡೊ -ಯು ಪೋಸ್ಟ್‌ಗ್ರೆಸ್ ಪಿಎಸ್‌ಕ್ಯೂಎಲ್ -ಪಿ 5433. ಪೋರ್ಟ್ ಮರೆತರೆ ಮೇನ್‌ಗೆ ಹೋಗಿ, ‘ನನ್ನ ಟೇಬಲ್ ಎಲ್ಲಿ’ ಅಂತ ಹುಡುಕುತ್ತಾ ಕೂರುತ್ತೀರಿ. ನಾನು ಕೂತಿದ್ದೇನೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಎಫ್‌ಸಿಂಕ್ ಆಫ್ ಮಾಡಿ, ಸ್ಪೀಡ್ ಆಗುತ್ತೆ’ ಅನ್ನುವ ಸಲಹೆ ಎಲ್ಲಾದರೂ ಸಿಗುತ್ತದೆ (ಬರೆದದ್ದು ಡಿಸ್ಕಿಗೆ ನಿಜವಾಗಿ ಮುಟ್ಟಿತೇ ಅಂತ ಖಾತ್ರಿ ಮಾಡುವ ಸೆಟ್ಟಿಂಗ್ ಅದು). ಹಳೇ ವರ್ಷಗಳ ಲೆಕ್ಕ ತುಂಬಿಸುವಾಗ ನಾನು ಹಾಗೆ ಮಾಡಿ, ತಿರುಗಿ ಆನ್ ಮಾಡಲು ಮರೆತೆ. ಜೂನ್ ಮಳೆಗೆ ಲೈನಿನ ಮೇಲೆ ಮರ ಬಿತ್ತು, ಕರೆಂಟ್ ಹೋಯ್ತು. ಲ್ಯಾಪ್‌ಟಾಪಿನ ಬ್ಯಾಟರಿ ಯಾವತ್ತೋ ಸತ್ತಿತ್ತು. ಮರುದಿನ ಲಾಗ್‌ನಲ್ಲಿ ಒಂದೇ ಸಾಲು: ‘ಪ್ಯಾನಿಕ್’, ಸರಿಯಾದ ಚೆಕ್‌ಪಾಯಿಂಟ್ (ಎಲ್ಲಿಂದ ಮತ್ತೆ ಶುರು ಮಾಡಬೇಕು ಅನ್ನುವ ಗುರುತು) ಸಿಗಲಿಲ್ಲ ಅಂತ. ರೊಬಸ್ಟಾ ಕೊಯ್ಲಿನಲ್ಲಿ ಯಾರು ಯಾವ ದಿನ ಎಷ್ಟು ಕೇಜಿ ಕುಯ್ದರು ಅನ್ನುವುದನ್ನೆಲ್ಲ, ಕಾಫಿ ಕಲೆಯಾದ ರೈಟರ್ (ತೋಟದ ಗುಮಾಸ್ತ) ಪುಸ್ತಕ ನೋಡಿ ಮೂರು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆ.

ಎಫ್‌ಸಿಂಕ್ ಆನ್ ಇದ್ದರೆ, ಕರೆಂಟ್ ಬಂದ ಮೇಲೆ ಸರ್ವರ್ ತಾನು ಮೊದಲೇ ಬರೆದಿಟ್ಟ ಬದಲಾವಣೆಗಳ ಲಾಗ್ (ಮೇಲಿನ ಎರರ್ ಲಾಗ್ ಅಲ್ಲ) ಓದಿಕೊಂಡು ತಾನೇ ಸರಿಹೋಗುತ್ತದೆ. ಸ್ಪೀಡ್ ಬೇಕೇಬೇಕು ಅಂದರೆ ಸಿಂಕ್ರೊನಸ್_ಕಮಿಟ್ ಆಫ್ ಮಾಡಿ, ಆಗ ಎಂಟ್ರಿ ಡಿಸ್ಕಿಗೆ ಮುಟ್ಟುವವರೆಗೆ ಕಾಯುವುದಿಲ್ಲ. ಕೊನೆಯ ಕೆಲವು ಎಂಟ್ರಿ ಹೋಗಬಹುದು, ಡೇಟಾಬೇಸ್ ಕೆಡುವುದಿಲ್ಲ. ನಮ್ಮ ಕಡೆ ಮಳೆಗಾಲ ಗೊತ್ತಲ್ಲ, ಒಂದು ಸಣ್ಣ ಯುಪಿಎಸ್ಸೂ ಇಡಿ. ದಿನಾ ಸಂಜೆ ಪಿಜಿ_ಡಂಪ್‌ನಿಂದ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ. ಅಲ್ಲೂ -ಪಿ 5433 ಬೇಕು, ಇಲ್ಲದಿದ್ದರೆ ಮೇನ್‌ನ ಕಡೆಗೇ ಹೋಗುತ್ತದೆ.