ಅಪ್ಪಯ್ಯನಿಗೆ ಏರ್ ರೈಫಲ್: ಮೊದಲು ಕೂರಿಸಿ

ವಯಸ್ಸಾದ ಅಪ್ಪಯ್ಯನಿಗೂ ಏರ್ ರೈಫಲ್ ಹೊಡೆಸಬಹುದೇ ಎಂದು ಮಣಿಪಾಲದಿಂದ ಕೇಳಿದವರಿಗೆ: 65ರ ಅಪ್ಪಯ್ಯನನ್ನು ಮಕ್ಕಳೊಟ್ಟಿಗೆ ಏರ್ ರೈಫಲ್ ಹೊಡೆಯಲು ಧಾರಾಳ ಕರೆದೊಯ್ಯಬಹುದು. ಆದರೆ ಮೊದಲ ದಿನವೇ ನಿಲ್ಲಿಸಿ ಹೊಡೆಸಬೇಡಿ ಮಾರಾಯ್ರೇ. ಸ್ಪರ್ಧೆಗೆ ಬಳಸುವ ಮ್ಯಾಚ್ ರೈಫಲ್ ನಾಲ್ಕೈದು ಕಿಲೋ ಭಾರ, ಭುಜ ಬೇಗ ಸೋಲುತ್ತದೆ. ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದಕ್ಕೆ ರೈಫಲ್ ಆನಿಸಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ. 10 ಮೀಟರ್ ಗುರಿಯ ನಡುಚುಕ್ಕೆ ಬರೀ 0.5 ಮಿ.ಮೀ.; ಕಪ್ಪು ವೃತ್ತದೊಳಗೆ ಬಿದ್ದರೆ ಸಾಕೆನ್ನಿ.

ನಿಜವಾದ ತಾಪತ್ರಯ ಕನ್ನಡಕದ್ದು. ಎರಡು ಪವರಿನ ಬೈಫೋಕಲ್ ಹಾಕಿ ತಲೆ ಬಗ್ಗಿಸಿದರೆ ಮುಂದಿನ ಸೈಟ್ (ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಗುರುತು) ಒಮ್ಮೆ ಸ್ಪಷ್ಟ, ಒಮ್ಮೆ ಮಸುಕು; ಗುಂಡು ಚದುರುತ್ತದೆ. ಒಂದೇ ಪವರಿನ ಕನ್ನಡಕ ಹಾಕಿಸಿ. ಸೈಟ್ ಚೊಕ್ಕ ಕಾಣಬೇಕು, ಗುರಿ ಮಸುಕಾದರೆ ಅಡ್ಡಿಯಿಲ್ಲ. ಸಣ್ಣ ತೂತಿನ ಪೀಪ್ ಸೈಟ್ ಇದ್ದರೆ ಇನ್ನೂ ಸಲೀಸು.

ನಳಿಗೆ ಮಡಚುವ ಸ್ಪ್ರಿಂಗ್ ಗನ್ ಆದರೆ ಅದನ್ನು ಎಳೆಯುವ ಕೆಲಸ ನೀವೇ ಮಾಡಿ. ಪೆಲೆಟ್ (ಸಣ್ಣ ಗುಂಡು) ತುಂಬುವಾಗ ನಳಿಗೆ ಕೈಬಿಟ್ಟರೆ ಬೆರಳು ಜಜ್ಜೀತು. ಪೆಲೆಟ್ ಸೀಸದ್ದು, ಸೋಪು ಹಾಕಿ ಕೈ ತೊಳೆಯದೆ ಗೋಳಿಬಜೆ ಮುಟ್ಟಬೇಡಿ.