ಒಮ್ಮೆ ರೆಬೆಕಾಳ ಕಡೆಯಿಂದ ನೋಡಿ

ನಮಸ್ಕಾರ.

‘ಶೌರ್ಯದ ಸುವರ್ಣಯುಗ’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನ ವೀರನೊಬ್ಬನ ಕಥೆ ಹೇಳುವ 1952ರ ‘ಐವನ್‌ಹೋ’ ಸಿನಿಮಾ ಕುರಿತ ಆ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಪತ್ರದ ಕೊನೆಯವರೆಗೆ ನಿಮ್ಮನ್ನು ಕಾಯಿಸುವುದು ಬೇಡವೆಂದು ಮೊದಲೇ ಹೇಳುತ್ತಿದ್ದೇನೆ. ಹಾಗೆಂದು ವಾಪಸು ಕಳಿಸಿ ಸುಮ್ಮನಿರಲೂ ಮನಸ್ಸಾಗಲಿಲ್ಲ. ಒಂಬತ್ತನೆಯ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: “ರೆಬೆಕಾ ಬದುಕಿಕೊಂಡಳು. ಆದರೆ ಅವಳಿಗೆ ಹೋಗಲು ಊರಿರಲಿಲ್ಲ.” ಮಾಟಗಾತಿ ಎಂಬ ಸುಳ್ಳು ಆರೋಪದಿಂದ ಐವನ್‌ಹೋ ಕಾದಾಡಿ ಪಾರುಮಾಡುವ ಯೆಹೂದಿ ಹುಡುಗಿ ಈ ರೆಬೆಕಾ. ಈ ಪತ್ರ ಬರೆಸಿದ್ದು ಅವಳ ಬಗೆಗಿನ ಆ ಎರಡು ವಾಕ್ಯ.

ಮೊದಲು ಕಣ್ಣಿಗೆ ಬಿದ್ದ ತೊಂದರೆಗಳು. ಮೊದಲ ನಾಲ್ಕು ಪುಟ ಬರೀ ಕಥೆ. ಯಾರು ಯಾರ ಮಗ, ಯಾರು ಯಾರನ್ನು ಸೆರೆಹಿಡಿದರು, ಯಾವ ಕೋಟೆಗೆ ಬೆಂಕಿ ಬಿತ್ತು ಎಂದು ಒಂದೂ ಬಿಡದೆ ಹೇಳಿದ್ದೀರಿ. ಸಿನಿಮಾ ನೋಡಿದವರಿಗೆ ಅದು ಬೇಡ, ನೋಡದವರಿಗೆ ಅಷ್ಟು ಬೇಡ. ‘ರೋಮಾಂಚಕ’ ಹದಿನಾಲ್ಕು ಕಡೆ ಬಂದಿದೆ. ಐದನೆಯ ಪುಟದಲ್ಲಿ “ಈ ಚಿತ್ರ ಸಮಯದ ಪರೀಕ್ಷೆಯನ್ನು ತಡೆದುಕೊಂಡು ನಿಂತಿದೆ” ಎಂಬ ವಾಕ್ಯವಿದೆ. ನಮ್ಮಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ‘ಇವತ್ತಿಗೂ ನೋಡಿಸಿಕೊಂಡು ಹೋಗುತ್ತದೆ’ ಎಂದರೆ ಸಾಕು. ಆ ಪುಟದ ಎರಡು ಪ್ಯಾರಾಗಳ ದನಿಯೇ ಬೇರೆ, ಎಲ್ಲಿಂದಲೋ ಇಂಗ್ಲಿಷಿನಿಂದ ಎತ್ತಿ ಕನ್ನಡಕ್ಕೆ ಇಳಿಸಿದಂತಿವೆ. ಹಾಗಿದ್ದರೆ ತೆಗೆದುಹಾಕಿ. ಇಲ್ಲದಿದ್ದರೆ ನಿಮ್ಮದೇ ಮಾತಿನಲ್ಲಿ ಮತ್ತೆ ಬರೆಯಿರಿ.

ಇನ್ನು ‘ಕ್ಷಾತ್ರಧರ್ಮ’. ಯುರೋಪಿನ ವೀರರ ನಡತೆಯ ಕಟ್ಟಳೆಯಾದ ‘ಶಿವಲ್ರಿ’ಗೆ ನೀವು ಉದ್ದಕ್ಕೂ ಇದನ್ನೇ ಬಳಸಿದ್ದೀರಿ. ಈ ಪದದ ಬಗ್ಗೆ ನನಗೆ ತಕರಾರಿದೆ. ಕ್ಷಾತ್ರ ಎಂದೊಡನೆ ಹುಟ್ಟು, ವರ್ಣ ಹಿಂದೆಯೇ ಬರುತ್ತವೆ. ಹನ್ನೆರಡನೆಯ ಶತಮಾನದ ಯುರೋಪಿನಲ್ಲಿ ನೈಟ್ ಆಗುವುದಕ್ಕೂ ಕುಲ, ಭೂಮಿ ಸಹಾಯಕ್ಕೆ ಬರುತ್ತಿದ್ದವು, ನಿಜ. ಆದರೆ ಅದು ದೀಕ್ಷೆಯಿಂದ ಬರುವ ಸ್ಥಾನ. ಪದದ ಮೂಲವೂ ಧರ್ಮವಲ್ಲ, ಕುದುರೆ. ಫ್ರೆಂಚಿನ ‘ಶೆವಾಲ್’ ಎಂದರೆ ಕುದುರೆ, ‘ಶೆವಾಲಿಯೆ’ ಎಂದರೆ ಕುದುರೆಯ ಮೇಲೆ ಕೂತು ಕಾದುವವನು. ನಮ್ಮಲ್ಲಿ ಅದಕ್ಕೆ ‘ರಾವುತ’ ಎಂಬ ಚೆಂದದ ಪದವಿದೆ. ಒಡೆಯನ ಅನ್ನ ಉಂಡ ಋಣಕ್ಕೆ ‘ಜೋಳವಾಳಿ’, ಒಡೆಯನೊಡನೆ ಸಾಯುವ ಪ್ರತಿಜ್ಞೆಗೆ ‘ವೇಳೆವಾಳಿ’ ಎಂದು ಹಳಗನ್ನಡದಲ್ಲೇ ಬೇರೆ ಬೇರೆ ಹೆಸರಿವೆ. ಇವನ್ನೆಲ್ಲ ಲೇಖನಕ್ಕೆ ತುಂಬಿ ಎಂದು ನಾನು ಹೇಳುತ್ತಿಲ್ಲ. ಒಡೆಯನಿಗೆ ತೋರುವ ನಿಷ್ಠೆ, ಸಮಾನನಾದ ಶತ್ರುವಿಗೆ ತೋರುವ ಮರ್ಯಾದೆ, ದಿಕ್ಕಿಲ್ಲದವರಿಗೆ ಕೊಡುವ ರಕ್ಷಣೆ ಈ ಮೂರೂ ಬೇರೆ ಬೇರೆ. ನೀವು ಮೂರನ್ನೂ ಒಂದೇ ಸಂಸ್ಕೃತ ಸಮಾಸದಲ್ಲಿ ಕಟ್ಟಿಹಾಕಿರುವುದರಿಂದ ಸಿನಿಮಾದಲ್ಲಿ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗಗಳು ನಿಮಗೆ ಕಾಣಲಿಲ್ಲ.

ಆಶ್ಬಿ ಎಂಬ ಊರಿನಲ್ಲಿ ನಡೆಯುವ ಭರ್ಜಿ ಪಂದ್ಯವನ್ನೇ ತೆಗೆದುಕೊಳ್ಳಿ. ಭರ್ಜಿಗಳು ಮುರಿಯುವ ಸದ್ದು, ದೂಳು, ಕಪ್ಪು ಕವಚದ ಅನಾಮಿಕ ವೀರ ಎಂದು ಎರಡು ಪುಟ ಬರೆದಿದ್ದೀರಿ. ಆ ವೀರನ ಕುದುರೆಗೂ ಕವಚಕ್ಕೂ ದುಡ್ಡು ಯಾರದು? ಅಪ್ಪ ಮನೆಯಿಂದ ಹೊರಹಾಕಿದ ಐವನ್‌ಹೋನ ಬಳಿ ಚಿಕ್ಕಾಸೂ ಇಲ್ಲ, ಅವನಿಗೆ ತನ್ನ ಒಡವೆ ಕೊಟ್ಟವಳು ರೆಬೆಕಾ. ಆ ಕಾಲದ ಪಂದ್ಯ ಬರಿಯ ಆಟವೂ ಆಗಿರಲಿಲ್ಲ. ಸೋತವನ ಕುದುರೆ, ಕವಚ ಗೆದ್ದವನ ಪಾಲು, ಬೇಕಾದರೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ವಿಲಿಯಂ ಮಾರ್ಷಲ್ ಎಂಬ ನೈಟ್ ಬಡತನದಿಂದ ಮೇಲೆ ಬಂದದ್ದು ಹೀಗೆ ಗೆದ್ದ ಹಣದಿಂದಲೇ. 1194ರಲ್ಲಿ ದೊರೆ ರಿಚರ್ಡ್ ಇಂಗ್ಲೆಂಡಿನ ಐದು ಜಾಗಗಳಲ್ಲಿ ಮಾತ್ರ ಪಂದ್ಯಕ್ಕೆ ಅನುಮತಿ ಕೊಟ್ಟು ಶುಲ್ಕ ಗೊತ್ತುಮಾಡಿದ. ದೊಡ್ಡ ಸರದಾರನಾದ ಅರ್ಲ್‌ಗೆ 20 ಮಾರ್ಕ್ ಹಣ, ಅವನಿಗಿಂತ ಕೆಳಗಿನ ಬ್ಯಾರನ್‌ಗೆ 10, ಭೂಮಿಯುಳ್ಳ ನೈಟ್‌ಗೆ 4, ಭೂಮಿಯಿಲ್ಲದವನಿಗೆ 2. ಈ ಲೆಕ್ಕ ಗೊತ್ತಿದ್ದರೆ, 1819ರ ಕೊನೆಯಲ್ಲಿ ಹೊರಬಂದ ವಾಲ್ಟರ್ ಸ್ಕಾಟ್‌ನ ಮೂಲ ಕಾದಂಬರಿಯಲ್ಲಿ ಐವನ್‌ಹೋ ಉಳಿದವರಿಂದ ಹಣ ಪಡೆದು, ತನ್ನ ವೈರಿ ಬ್ವಾ ಗಿಲ್ಬೇರನದನ್ನು ಮಾತ್ರ ಬೇಡವೆನ್ನುವುದು ಎಷ್ಟು ದೊಡ್ಡ ಮಾತು ಎಂದು ತಿಳಿಯುತ್ತದೆ. ನಮ್ಮ ಜಗಳ ಇನ್ನೂ ಮುಗಿದಿಲ್ಲ ಎಂದೇ ಅದರ ಅರ್ಥ.

ಕಾದಂಬರಿ ಓದಿದ್ದೇನೆ ಎಂದು ಮೊದಲ ಪುಟದಲ್ಲೇ ಹೇಳಿದ್ದೀರಿ. ಹಾಗಿದ್ದರೆ ಟಾರ್ಕ್ವಿಲ್‌ಸ್ಟೋನ್ ಕೋಟೆಯ ಕಿಟಕಿ ನೆನಪಿರಬೇಕು. ಗಾಯಗೊಂಡ ಐವನ್‌ಹೋ ಮಲಗಿದ್ದಾನೆ. ಹೊರಗೆ ಮುತ್ತಿಗೆ ನಡೆದಿದೆ. ರೆಬೆಕಾ ಕಿಟಕಿಯಲ್ಲಿ ನಿಂತು, ಸಂಜಯ ಧೃತರಾಷ್ಟ್ರನಿಗೆ ಹೇಳಿದ ಹಾಗೆ, ಯುದ್ಧವನ್ನು ಕಂಡಂತೆ ಹೇಳುತ್ತಾಳೆ. ಎದ್ದು ಹೋಗಿ ಕಾದಲಾಗಲಿಲ್ಲವಲ್ಲ ಎಂದು ಅವನು ಒದ್ದಾಡುತ್ತಾನೆ. ಇಷ್ಟು ರಕ್ತ ಸುರಿಸಿ ನಿಮಗೆ ಉಳಿಯುವುದೇನು ಎಂದು ಅವಳು ಕೇಳುತ್ತಾಳೆ. ಕೀರ್ತಿ ಎನ್ನುತ್ತಾನೆ ಅವನು. ಗೋರಿಯ ಮೇಲೆ ತೂಗುಹಾಕಿದ ತುಕ್ಕುಹಿಡಿದ ಕವಚವೇ ನಿಮ್ಮ ಕೀರ್ತಿ ಎಂದು ಅವಳ ಮರುಪ್ರಶ್ನೆ. ನೀನು ಕ್ರೈಸ್ತಳಲ್ಲ, ನಿನಗೆ ಇದು ತಿಳಿಯದು ಎಂದುಬಿಡುತ್ತಾನೆ. ಅವನ ಗಾಯ ತೊಳೆದು ಮದ್ದು ಹಾಕಿದ ಹುಡುಗಿಗೆ ಆ ಒಳ್ಳೆಯ ನೈಟ್ ಹೇಳುವ ಮಾತು ಇದು! ಸಿನಿಮಾ ಈ ಪ್ರಸಂಗವನ್ನು ಬಿಟ್ಟಿತು. ಅಲ್ಲಿ ಐವನ್‌ಹೋ ತಾನೇ ಕೋಟೆಯೊಳಗೆ ಕತ್ತಿ ಹಿಡಿದು ಕಾದುತ್ತಾನೆ. ರಾಬರ್ಟ್ ಟೇಲರ್‌ರಂಥ ನಾಯಕನಟನನ್ನು ಹಾಸಿಗೆಯಲ್ಲಿ ಮಲಗಿಸುವುದು ಎಂಜಿಎಂನಂಥ ಸ್ಟುಡಿಯೋಗೆ ಕಷ್ಟ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಅದರಿಂದ ಏನು ಕಳೆದುಹೋಯಿತು ಎಂದು ಕೇಳುವುದು ನಿಮ್ಮ ಕೆಲಸ. ನೀವು ಕೇಳಲಿಲ್ಲ. ಮುತ್ತಿಗೆಯ ದೃಶ್ಯ ‘ರೋಮಾಂಚಕ’ ಎಂದು ಮುಂದೆ ಹೋದಿರಿ.

ಈಗ ನಿಮ್ಮ ಒಂಬತ್ತನೆಯ ಪುಟಕ್ಕೆ ಬರುತ್ತೇನೆ. ರೆಬೆಕಾಳಿಗೆ ಹೋಗಲು ಊರಿರಲಿಲ್ಲ ಎಂದಿರಿ. ಯಾಕಿರಲಿಲ್ಲ? ಅವಳ ತಂದೆಯ ಹೆಸರು ಯಾರ್ಕ್‌ನ ಐಸಾಕ್. ಕಥೆ ನಡೆಯುವುದು 1194ರ ಹೊತ್ತಿಗೆ. ಅದಕ್ಕೆ ನಾಲ್ಕು ವರ್ಷ ಮೊದಲು, 1190ರ ಮಾರ್ಚಿನಲ್ಲಿ, ಅದೇ ಯಾರ್ಕ್‌ನಲ್ಲಿ ಯೆಹೂದಿಗಳು ಪ್ರಾಣಭಯದಿಂದ ಕೋಟೆಯ ಗೋಪುರದಲ್ಲಿ ಅಡಗಿದ್ದರು. ಸುತ್ತ ಜನ ಮುತ್ತಿದರು. ಸುಮಾರು 150 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಗುಂಪಿನ ಕೈಗೆ ಸಿಗುವುದಕ್ಕಿಂತ ತಮ್ಮವರ ಕೈಯಿಂದಲೇ ಸಾಯುವುದನ್ನು ಆರಿಸಿಕೊಂಡರು. ಆಮೇಲೆ ಆ ಗುಂಪು ಮಿನ್‌ಸ್ಟರ್ ಚರ್ಚಿಗೆ ಹೋಗಿ ಅಲ್ಲಿಟ್ಟಿದ್ದ ಸಾಲಪತ್ರಗಳನ್ನು ಸುಟ್ಟಿತು. ಸಾಲ ತೆಗೆದುಕೊಂಡಿದ್ದ ಭೂಮಾಲೀಕರೂ ಆ ಗುಂಪಿನಲ್ಲಿದ್ದರು. ಆ ಹೊತ್ತಿಗೆ ದೊರೆ ರಿಚರ್ಡ್ ಧರ್ಮಯುದ್ಧಕ್ಕೆಂದು ಇಂಗ್ಲೆಂಡ್ ಬಿಟ್ಟಾಗಿತ್ತು. ಸಿನಿಮಾದ ಕೊನೆಗೆ ಬಂದು ಎಲ್ಲವನ್ನೂ ಸರಿಮಾಡುವ ರಿಚರ್ಡ್ ಇವನೇ. 1192ರ ಡಿಸೆಂಬರಿನಲ್ಲಿ ಆಸ್ಟ್ರಿಯಾದಲ್ಲಿ ಸೆರೆಸಿಕ್ಕಿದ ಅವನನ್ನು ಬಿಡಿಸಲು 1,50,000 ಮಾರ್ಕ್ ಬೇಕಾಯಿತು. ಅದರಲ್ಲಿ 5,000 ಮಾರ್ಕ್ ಕೊಡಿ ಎಂದು ಅಳಿದುಳಿದ ಯೆಹೂದಿಗಳನ್ನೂ ಕೇಳಲಾಯಿತು. 1290ರಲ್ಲಿ ಅವರನ್ನು ಇಂಗ್ಲೆಂಡಿನಿಂದಲೇ ಹೊರಗಟ್ಟಿದರು. ಕಾದಂಬರಿಯ ರೆಬೆಕಾ ಕೊನೆಗೆ ತಂದೆಯೊಡನೆ ಸ್ಪೇನ್‌ಗೆ ಹೊರಟುಹೋಗುತ್ತಾಳೆ. ಐವನ್‌ಹೋ ಅವಳ ಜೀವ ಉಳಿಸಿಕೊಟ್ಟ. ಆ ನೆಲದಲ್ಲಿ ಬಾಳಲು ಜಾಗ ಕೊಡುವುದು ಅವನ ಕತ್ತಿಯಿಂದ ಆಗದ ಕೆಲಸ.

ನಿಮ್ಮ ಎರಡು ವಾಕ್ಯ ಇಷ್ಟನ್ನೂ ಮುಟ್ಟಿದೆ. ನೀವು ಮಾತ್ರ ಅಲ್ಲಿ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲೇ ರೆಬೆಕಾಳಾಗಿ ನಟಿಸಿದ ಎಲಿಜಬೆತ್ ಟೇಲರ್ ಅವರ ಕಣ್ಣಿನ ಬಣ್ಣಕ್ಕೆ ಹೋದಿರಿ. ಚಿತ್ರೀಕರಣದ ಕಾಲಕ್ಕೆ ಆಕೆಗೆ 19 ವರ್ಷ. ಚೆಲುವನ್ನು ಎಲ್ಲರೂ ಹೊಗಳಿದ್ದಾರೆ. ವಿಚಾರಣೆಯ ದೃಶ್ಯದಲ್ಲಿ ಆಕೆ ಎಷ್ಟು ಕಡಿಮೆ ಅಲುಗಾಡುತ್ತಾರೆ, ದನಿ ಎಷ್ಟು ತಗ್ಗಿಸುತ್ತಾರೆ ಎಂದು ಬರೆದವರು ಕಡಿಮೆ. ಮತ್ತೊಮ್ಮೆ ಆ ಭಾಗ ಹಾಕಿಕೊಂಡು, ಕೈಯಲ್ಲಿ ಪೆನ್ನು ಹಿಡಿದು ನೋಡಿ.

ವಿಚಾರಣೆಯ ಬಗ್ಗೆ ಇನ್ನೂ ಒಂದು ಸಂಗತಿ ನಿಮ್ಮ ಗಮನಕ್ಕೆ ತರಬೇಕು. ಚಿತ್ರಕಥೆಗೆ ಕೆಲಸ ಮಾಡಿದವರಲ್ಲಿ ಮಾರ್ಗರೀಟ್ ರಾಬರ್ಟ್ಸ್ ಒಬ್ಬರು. 1951ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಕಮ್ಯುನಿಸ್ಟರ ವಿಚಾರದಲ್ಲಿ ಅವರನ್ನು ಕರೆಸಿತು. ಇನ್ನೊಬ್ಬರ ಹೆಸರು ಹೇಳಲು ಅವರು ಒಪ್ಪಲಿಲ್ಲ. ಸ್ಟುಡಿಯೋ ಅವರ ಹೆಸರನ್ನು ತೆರೆಯ ಮೇಲಿಂದ ತೆಗೆದುಹಾಕಿತು. ಸುಮಾರು ಹತ್ತು ವರ್ಷ ಅವರಿಗೆ ಹಾಲಿವುಡ್ಡಿನಲ್ಲಿ ಕೆಲಸವಿರಲಿಲ್ಲ. ಅದೇ ಸಮಿತಿಯ ಮುಂದೆ 1947ರ ಅಕ್ಟೋಬರಿನಲ್ಲಿ ಸ್ನೇಹಪರ ಸಾಕ್ಷಿಯಾಗಿ, ಅಂದರೆ ಸಮಿತಿಗೆ ಸಹಕರಿಸುವವರಾಗಿ ನಿಂತು ಕೆಲವರ ಹೆಸರು ಹೇಳಿದವರು ರಾಬರ್ಟ್ ಟೇಲರ್, ಅಂದರೆ ನಿಮ್ಮ ಐವನ್‌ಹೋ. ಸುಳ್ಳು ಆರೋಪ ಹೊತ್ತು ನಿಂತ ಹೆಣ್ಣಿನ ಪರವಾಗಿ ಕಣಕ್ಕಿಳಿಯುವ ವೀರನ ಪಾತ್ರ ಅವರದು. ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ಆದರೆ ಎಚ್ಚರ, ಸಿನಿಮಾ ಆ ಕಾಲದ ರೂಪಕವೆಂದೇ ಮಾಡಿದ್ದು ಎಂದು ಬರೆದುಬಿಡಬೇಡಿ. ಹಾಗೆ ಹೇಳಲು ಪುರಾವೆ ಬೇಕು. ನಡೆದದ್ದನ್ನು ನಡೆದಂತೆ ಪಕ್ಕಪಕ್ಕ ಇಟ್ಟರೆ ಸಾಕು. ಓದುಗರು ನೋಡಿಕೊಳ್ಳುತ್ತಾರೆ.

ರೆಬೆಕಾ ತಪ್ಪಿತಸ್ಥಳೋ ಅಲ್ಲವೋ ಎಂದು ತೀರ್ಮಾನಿಸಲು ನಡೆಯುವ ಕೊನೆಯ ದ್ವಂದ್ವಯುದ್ಧವನ್ನು ‘ಮಧ್ಯಯುಗದ ಮೂಢನಂಬಿಕೆ’ ಎಂದು ಒಂದು ಮಾತಿನಲ್ಲಿ ಮುಗಿಸಿದ್ದೀರಿ. ಅಷ್ಟು ದೂರದ್ದಲ್ಲ ಅದು. 1817ರಲ್ಲಿ, ಕೊಲೆ ಆರೋಪ ಹೊತ್ತ ಏಬ್ರಹಾಂ ಥಾರ್ನ್‌ಟನ್ ಎಂಬಾತ ಲಂಡನ್ನಿನ ನ್ಯಾಯಾಲಯದಲ್ಲಿ ಕೈಗವಸು ಎಸೆದು, ಕಾದಾಡಿ ನಿರ್ಣಯಿಸೋಣ ಎಂದ. ಆ ಹಳೆಯ ಹಕ್ಕನ್ನು ಯಾರೂ ರದ್ದು ಮಾಡಿರಲಿಲ್ಲ, ಮರುವರ್ಷ ನ್ಯಾಯಾಧೀಶರು ಅದನ್ನು ಒಪ್ಪಲೇಬೇಕಾಯಿತು. ಎದುರಾಳಿ ಕಣಕ್ಕಿಳಿಯಲಿಲ್ಲ, ಥಾರ್ನ್‌ಟನ್ ಬಿಡುಗಡೆಯಾದ. 1819ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ ಆ ಪದ್ಧತಿ ತೆಗೆದುಹಾಕಿತು. ಸ್ಕಾಟ್‌ನ ಕಾದಂಬರಿ ಬಂದದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಆಗಿನ ಓದುಗರಿಗೆ ರೆಬೆಕಾಳ ಪ್ರಸಂಗ ಪತ್ರಿಕೆಯಲ್ಲಿ ಓದಿದ ಸುದ್ದಿಯ ಹತ್ತಿರದ್ದು. ಇನ್ನು ಕಾದಂಬರಿಯಲ್ಲಿ ಆ ಕಾಳಗ ಕ್ಷಣದಲ್ಲಿ ಮುಗಿಯುತ್ತದೆ. ದಣಿದ ಕುದುರೆಯ ಮೇಲೆ, ಮೈಗಾಯ ಮಾಯದೆ ಬಂದ ಐವನ್‌ಹೋ ಮೊದಲ ಹೊಡೆತಕ್ಕೇ ಉರುಳುತ್ತಾನೆ. ಬ್ವಾ ಗಿಲ್ಬೇರನಿಗೆ ಭರ್ಜಿ ಸರಿಯಾಗಿ ತಾಗಿಯೂ ಇಲ್ಲ, ತನ್ನೊಳಗಿನ ಹೊಯ್ದಾಟಕ್ಕೇ ಬಲಿಯಾಗುತ್ತಾನೆ. ಸಿನಿಮಾದಲ್ಲಿ ಕೊಡಲಿಗೂ ಸರಪಳಿಗುಂಡಿಗೂ ದೀರ್ಘ ಹೋರಾಟ. ನಿರ್ದೇಶಕ ರಿಚರ್ಡ್ ಥಾರ್ಪ್ ಅದನ್ನು ಎಷ್ಟು ಚೆನ್ನಾಗಿ ತೆಗೆದಿದ್ದಾರೆಂದರೆ, ಆ ಲೋಹದ ಸದ್ದು ನನಗೆ ಇವತ್ತೂ ಇಷ್ಟ. ನಿಮ್ಮ ಉತ್ಸಾಹ ತಪ್ಪಲ್ಲ. ಬ್ವಾ ಗಿಲ್ಬೇರನಾಗಿ ನಟಿಸಿದ ಜಾರ್ಜ್ ಸ್ಯಾಂಡರ್ಸ್ ಅವರ ಸಾಯುವ ಮುಖದ ಬಗ್ಗೆ ನೀವು ಬರೆದ ಪ್ಯಾರಾ ಚೆನ್ನಾಗಿದೆ, ಅದನ್ನು ಉಳಿಸಿಕೊಳ್ಳಿ.

ಮಿಕ್ಲೋಶ್ ರೋಜಾ ಅವರ ಸಂಗೀತ, ಫ್ರೆಡ್ಡಿ ಯಂಗ್ ಅವರ ಛಾಯಾಗ್ರಹಣ, ಆಸ್ಕರ್ ನಾಮನಿರ್ದೇಶನ, ಬೋರಮ್‌ವುಡ್‌ನಲ್ಲಿ ಕಟ್ಟಿದ ಕೋಟೆ, ಇವೆಲ್ಲ ಒಂದು ಪ್ಯಾರಾಕ್ಕೆ ಸಾಕು. ‘ಸುವರ್ಣಯುಗ’ ಎಂಬ ಶೀರ್ಷಿಕೆ ಬದಲಾಗಬೇಕು. 1190ರ ಯಾರ್ಕ್ ಗೊತ್ತಾದ ಮೇಲೆ ನಿಮಗೂ ಆ ಪದ ಬರೆಯಲು ಕೈ ಬರಲಾರದು.

1,500 ಪದಗಳ ಒಳಗೆ ಮತ್ತೆ ಬರೆದು ಕಳಿಸಿ. ಹಳೆಯದನ್ನು ತಿದ್ದುತ್ತಾ ಕೂರಬೇಡಿ. ಅದನ್ನು ಪಕ್ಕಕ್ಕಿಟ್ಟು, ವಿಚಾರಣೆಯ ದೃಶ್ಯದಿಂದ ಹೊಸದಾಗಿ ಶುರುಮಾಡಿ. ಆ ದೃಶ್ಯ ಬರೆದಾದ ಮೇಲೆ ಅಲ್ಲಿಯವರೆಗಿನದನ್ನಷ್ಟೇ ಕಳಿಸಿದರೂ ಆಗುತ್ತದೆ. ನಾನು ಓದಿ, ಮುಂದಿನದರ ಬಗ್ಗೆ ಫೋನಿನಲ್ಲಿ ಮಾತಾಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ