ಕಿವಿಯ ಕೆಳಗಿನ ಗಂಟು ಮತ್ತು ಸೂಜಿ ಪರೀಕ್ಷೆಯ ವರದಿ

ಪ್ರಶ್ನೆ: ಮಾನ್ಯ ವೈದ್ಯರೇ, ನನ್ನ ತಾಯಿಗೆ 56 ವರ್ಷ. ಎಡಗಿವಿಯ ಕೆಳಗೆ ನೆಲ್ಲಿಕಾಯಿ ಗಾತ್ರದ, ನೋವಿಲ್ಲದ ಗಂಟೊಂದು ನಿಧಾನವಾಗಿ ಬೆಳೆಯುತ್ತಿದೆ. ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕೋಶಗಳನ್ನು ತೆಗೆದು ನೋಡುವ ಪರೀಕ್ಷೆ) ಮಾಡಿಸಿದಾಗ ‘ಲಾಲಾಗ್ರಂಥಿಯ ಗೆಡ್ಡೆ, ಕ್ಯಾನ್ಸರ್ ಹೌದೋ ಅಲ್ಲವೋ ಅನಿಶ್ಚಿತ, ಮಿಲಾನ್ ವರ್ಗ 4ಬಿ’ ಎಂಬ ವರದಿ ಬಂದಿದೆ. ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳುತ್ತಾರೆ. ಬೇರೆ ಲ್ಯಾಬಿನಲ್ಲಿ ಮತ್ತೊಮ್ಮೆ ಚುಚ್ಚಿಸುವುದು ಒಳ್ಳೆಯದೇ? ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂದು ನಮ್ಮ ಸೋದರತ್ತೆ ಹೇಳುತ್ತಿದ್ದಾರೆ, ಅದು ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ನಿಮ್ಮ ಅತ್ತೆಯವರ ಭಯದ ಬಗ್ಗೆ ಹೇಳುತ್ತೇನೆ. ಈ ಪರೀಕ್ಷೆಗೆ ಬಳಸುವುದು ಸಾಮಾನ್ಯವಾಗಿ 23ರಿಂದ 25 ಗೇಜಿನ ಸಣ್ಣ ಸೂಜಿ. ಅದು ಹಾದುಹೋದ ದಾರಿಯಲ್ಲಿ ರೋಗ ಹರಡುವುದು ತೀರಾ ಅಪರೂಪ. ನಿಜವಾಗಿ ಅಪಾಯವಿರುವುದು ಗಂಟನ್ನು ಕೊಯ್ದು ಒಂದು ಚೂರು ತೆಗೆಯುವುದರಲ್ಲಿ. ಗೆಡ್ಡೆಯ ಹೊದಿಕೆ ಒಡೆದು ಕೋಶಗಳು ಚೆಲ್ಲಿದರೆ, ಕ್ಯಾನ್ಸರಲ್ಲದ ಗೆಡ್ಡೆಯೂ ಎಷ್ಟೋ ವರ್ಷಗಳ ನಂತರ ಹಲವು ಕಡೆ ಮರುಕಳಿಸಬಹುದು. ಆದ್ದರಿಂದಲೇ ಪೆರೋಟಿಡ್ ಗ್ರಂಥಿಯ, ಅಂದರೆ ಕಿವಿಯ ಬಳಿ ಇದ್ದು ಜೊಲ್ಲು ಸುರಿಸುವ, ಮಂಗನಬಾವು ಬಂದಾಗ ಊದಿಕೊಳ್ಳುವ ಲಾಲಾಗ್ರಂಥಿಯ, ಗಂಟುಗಳಿಗೆ ಸೂಜಿ ಪರೀಕ್ಷೆಯನ್ನೇ ಮೊದಲು ಮಾಡುತ್ತಾರೆ.

ಇನ್ನು ವರದಿಯ ವಿಷಯ. ಲಾಲಾಗ್ರಂಥಿಯ ಸೂಜಿ ಪರೀಕ್ಷೆಯ ವರದಿಗಳನ್ನು ವರ್ಗಗಳಾಗಿ ವಿಂಗಡಿಸುವ ಕ್ರಮಕ್ಕೆ ಮಿಲಾನ್ ಪದ್ಧತಿ ಎನ್ನುತ್ತಾರೆ. ಪೆರೋಟಿಡ್ ಗೆಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ. ಅವುಗಳಲ್ಲಿ ಪ್ಲಿಯೋಮಾರ್ಫಿಕ್ ಅಡಿನೋಮ ಎಂಬುದೇ ಎಲ್ಲಕ್ಕಿಂತ ಸಾಮಾನ್ಯ. ಅದರ ಸ್ಲೈಡಿಗೆ ಗೀಮ್ಸಾ ಬಣ್ಣ ಹಾಕಿದಾಗ ಎಳೆ ಎಳೆಯಾಗಿ ಬಿಚ್ಚಿಕೊಂಡ ಅಂಚುಗಳುಳ್ಳ, ಕಡುಗೆಂಪು ನೇರಳೆ ಬಣ್ಣದ ಒಂದು ದ್ರವ್ಯವೂ, ಅದರೊಳಗೆ ಹುದುಗಿದ ಕೋಶಗಳೂ ಕಾಣುತ್ತವೆ. ಇಷ್ಟು ಸ್ಪಷ್ಟವಾಗಿ ಕಂಡರೆ ಪೆಥಾಲಜಿ ತಜ್ಞರು ಅದನ್ನು 4ಎ, ಅಂದರೆ ಕ್ಯಾನ್ಸರಲ್ಲದ ಗೆಡ್ಡೆ ಎಂದು ಧೈರ್ಯದಿಂದ ಬರೆಯುತ್ತಾರೆ. ಆದರೆ ಕೆಲವೊಮ್ಮೆ ಸೂಜಿಯಲ್ಲಿ ಆ ದ್ರವ್ಯ ಬಾರದೆ, ದಟ್ಟ ಬಣ್ಣದ ಪುಟ್ಟ ಕೋಶಗಳ ಗುಂಪುಗಳಷ್ಟೇ ಬರುತ್ತವೆ. ನಿರುಪದ್ರವಿಯಾದ ಬೇಸಲ್ ಸೆಲ್ ಅಡಿನೋಮದಲ್ಲಿಯೂ, ನರದ ಗುಂಟ ಹರಡುವ ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರಿನಲ್ಲಿಯೂ ಕೋಶಗಳು ಬಹುಮಟ್ಟಿಗೆ ಹೀಗೆಯೇ ಇರಬಹುದು. ಇಂತಹ ಕಡೆ ಗೆಡ್ಡೆ ತನ್ನ ಅಂಚನ್ನು ದಾಟಿ ಸುತ್ತಲಿನ ಅಂಗಾಂಶದೊಳಗೆ ನುಗ್ಗಿದೆಯೇ ಎಂಬುದನ್ನು ನೋಡಬೇಕಾಗುತ್ತದೆ. ಬಿಡಿಬಿಡಿಯಾಗಿ ಬಂದ ಕೋಶಗಳಲ್ಲಿ ಆ ಅಂಚೇ ಇರುವುದಿಲ್ಲ. ಹಾಗಾಗಿ ‘ಅನಿಶ್ಚಿತ’ ಎಂಬ ಮಾತನ್ನು ಲ್ಯಾಬಿನ ವೈಫಲ್ಯವೆಂದು ತಿಳಿಯಬೇಡಿ. ಊಹಿಸಿ ಬರೆದ ಖಚಿತ ವರದಿಗಿಂತ ಈ ಪ್ರಾಮಾಣಿಕ ವರದಿ ರೋಗಿಗೆ ಹೆಚ್ಚು ಉಪಕಾರಿ ಎಂದೇ ನನ್ನ ದೃಢವಾದ ಅಭಿಪ್ರಾಯ.

2018ರಲ್ಲಿ ಪ್ರಕಟವಾಗಿ 2023ರಲ್ಲಿ ಪರಿಷ್ಕರಣೆಗೊಂಡ ಮಿಲಾನ್ ಪದ್ಧತಿಯ ಪ್ರಕಾರ 4ಬಿ ವರ್ಗದಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ಸುಮಾರು ಶೇ. 35. ಎಂದರೆ ಹೆಚ್ಚಿನವರಿಗೆ ಕೊನೆಗೆ ಕ್ಯಾನ್ಸರಲ್ಲವೆಂದೇ ತಿಳಿಯುತ್ತದೆ, ಆದರೂ ಕಾದು ನೋಡುವಷ್ಟು ಸಣ್ಣ ಸಾಧ್ಯತೆ ಇದಲ್ಲ.

ಮತ್ತೆ ಚುಚ್ಚಿಸುವುದರಿಂದ ನಿಮಗೆ ಹೆಚ್ಚಿನ ಪ್ರಯೋಜನವಾಗಲಾರದು. ಕೋಶಗಳು ಸಾಕಷ್ಟು ಬಂದಿಲ್ಲ ಎಂಬ ವರ್ಗ 1ರ ವರದಿ ಬಂದಿದ್ದರೆ, ಅಲ್ಟ್ರಾಸೌಂಡ್ ನೋಡಿಕೊಂಡು ಮರುಪರೀಕ್ಷೆ ಮಾಡಿಸಿ ಎನ್ನುತ್ತಿದ್ದೆ. ಈಗ ಅದೇ ಸ್ಲೈಡುಗಳನ್ನೂ, ಸೆಲ್ ಬ್ಲಾಕ್ (ಸೂಜಿಯಲ್ಲಿ ಬಂದ ಕೋಶಗಳನ್ನು ಮೇಣದ ಅಚ್ಚಿನಲ್ಲಿ ಕೂಡಿಸಿಟ್ಟದ್ದು) ಮಾಡಿದ್ದರೆ ಅದನ್ನೂ ಲ್ಯಾಬಿನಿಂದ ಪಡೆದು, ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಸಂಸ್ಥೆಯ ಪೆಥಾಲಜಿ ತಜ್ಞರಿಂದ ಇನ್ನೊಮ್ಮೆ ನೋಡಿಸುವುದು ಮೇಲು. ಸೆಲ್ ಬ್ಲಾಕಿನ ಮೇಲೆ ವಿಶೇಷ ಬಣ್ಣದ ಪರೀಕ್ಷೆಗಳನ್ನು ಮಾಡಿದಾಗ ಕೆಲವೊಮ್ಮೆ ಅನುಮಾನ ಬಗೆಹರಿಯುವುದುಂಟು.

ಇತರ ಓದುಗರಿಗೂ ಒಂದು ಮಾತು: ನೀರು ಅಥವಾ ಲೋಳೆ ತುಂಬಿದ ಗಂಟಿನಿಂದ ಬರೀ ದ್ರವ ಬಂದು, ವರದಿಯಲ್ಲಿ ‘ಕ್ಯಾನ್ಸರ್ ಕೋಶ ಕಂಡಿಲ್ಲ’ ಎಂದಿದ್ದರೂ, ಗಂಟು ಉಳಿದಿದ್ದರೆ ಮರುಪರೀಕ್ಷೆ ಮಾಡಿಸಲೇಬೇಕು. ಮ್ಯೂಕೋಎಪಿಡರ್ಮಾಯ್ಡ್ ಎಂಬ ಕ್ಯಾನ್ಸರಿನ ಸೌಮ್ಯ ರೂಪ ಹೀಗೆ ತಪ್ಪಿಸಿಕೊಳ್ಳುತ್ತದೆ.

ಮುಖವನ್ನು ಆಡಿಸುವ ನರ ಪೆರೋಟಿಡ್ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ. ಆದ್ದರಿಂದ ಈ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರನ್ನೇ ಆರಿಸಿಕೊಂಡು, ನರವನ್ನು ಹೇಗೆ ಉಳಿಸುತ್ತಾರೆ ಎಂದೂ, ಮೊದಲು ಎಂಆರ್‌ಐ ಬೇಕೇ ಎಂದೂ ವಿಚಾರಿಸಿ. ಈ ನಡುವೆ ತಾಯಿಯವರ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಆ ಬದಿಯ ಕಣ್ಣು ಮುಚ್ಚಲು ಬಾರದಿದ್ದರೆ, ಗಂಟು ನೋಯತೊಡಗಿದರೆ ಅಥವಾ ಕುತ್ತಿಗೆಯಲ್ಲಿ ಬೇರೆ ಗಂಟು ಕಾಣಿಸಿಕೊಂಡರೆ, ನಿಗದಿಯಾದ ದಿನದವರೆಗೆ ಕಾಯದೆ ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಿರಿ.